ಮುಷ್ಟಿಯೊಳಗಿನ ಕಪ್ಪು ಬ್ಯಾಂಡ್

ಎಷ್ಟು ಮೆತ್ತಗಿದೆ ಇದು, ಮುಷ್ಟಿಯೊಳಗೆ ಬೆವರು ಕುಡಿದು ಇನ್ನಷ್ಟು ಮೆತ್ತಗಾಗುತ್ತಿದೆ, ಕೂದಲಿಗೆ ಹಾಕುವ ಬಟ್ಟೆಯ ಬ್ಯಾಂಡು, ಕಪ್ಪು, ತಂಗಿಯದೊಂದು ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡು ನನ್ನ ಕಿರುಬೆರಳನ್ನು ಕೊಯ್ಯುತ್ತಿದೆ — ಅವಳು ಎದುರಿಗೆ ಸ್ಟೂಲಿನ ಮೇಲೆ, ಗಿಟಾರು ಅವಳ ತೊಡೆಯ ಮೇಲೆ, ಗಿಟಾರು ಕಲಿಸುವ ಸರ್ ಕುರ್ಚಿಯಲ್ಲಿ, ಅಮ್ಮ ಬಾಗಿಲಿಗೊರಗಿ, ಮನೆಗೆಲ್ಲ ಇರುವುದು ಒಂದೇ ಗಿಟಾರು, ಶನಿವಾರದ ಕಾರ್ಯಕ್ರಮದ ವೇದಿಕೆಯಲ್ಲಿರುವುದೂ ಒಂದೇ ಜಾಗ, ಇಬ್ಬರದೂ ಕೇಳ್ತೀನಿ, ಯಾರೂಂತ ಇವತ್ತೇ ಹೇಳಿಬಿಡ್ತೀನಿ ಎಂದಿದ್ದಾರೆ ಸರ್. ಗಿಟಾರಿನ ದನಿ ಹೊರಡುವ ಆಂಪಿನ ಪುಟ್ಟ ಕೆಂಪು ದೀಪ. ಕರಕರ ಸದ್ದು ಪೂರ್ತಿ ತೆಗೆದಿದ್ದಾರೆ, ಒರೆಸಿದ ಗಾಜಿನ ಹಾಗೆ ದನಿ ಬರಬೇಕು, ಗಾಜಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ, ಕನ್ನಡಕದಂಗಡಿಯಲ್ಲಿ ದಿನವಿಡೀ ಒರೆಸುವವಳು ನಾನು, ಮಬ್ಬು ಗಾಜಿನಲ್ಲಿ ಕಾಣದ ಕಲೆ ಒರೆಸಿದ ಮೇಲೆಯೇ ಕಾಣುವುದು — ಎಂಟು ತಿಂಗಳು, ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದು ಗಂಟೆ, ಎಡಗೈ ಬೆರಳು ಒತ್ತಿರಲಿ, ಬಲಗೈ ಬೆರಳು ಗಿಟಾರಿನ ಕತ್ತಿನ ಮೇಲೆಯೇ ತಂತಿಯನ್ನು ತಟ್ಟಲಿ, ಎಳೆದು ಬಿಡಲಿ, ತಟ್ಟು, ಬಿಡು, ತಟ್ಟು, ಬಿಡು, ಒಂದು ತಂತಿ ಹಾಡಿದರೆ ಉಳಿದೈದು ಬಾಯಿ ಮುಚ್ಚಿಕೊಂಡಿರಬೇಕು, ನನ್ನವು ಮುಚ್ಚುವುದಿಲ್ಲ, ಗುಂಯ್ ಎನ್ನುತ್ತಲೇ ಇರುತ್ತವೆ. ತಂತಿ ಬಾರಿಸು ಅಂದ್ರೆ ಜೇನು ಸಾಕಿದೀಯಲ್ಲಮ್ಮ. ಸರ್ ಹೇಳಿದ್ದು ತಮಾಷೆಗೆ, ತಂಗಿ ನಕ್ಕಿದ್ದೂ ತಮಾಷೆಗೇ ಇರಬೇಕು. ಅವಳು ಗಿಟಾರು ಮುಟ್ಟಿ ಮೂರು ತಿಂಗಳು. ನಾನು ತಂದ ಗಿಟಾರು. ನೀನೂ ಕಲಿಯೇ ಎಂದವಳೂ ನಾನೇ, ನನ್ನ ನಾಲಿಗೆಗೆ ಬೆಂಕಿ ಹಾಕ.

ಅಜ್ಜ ಪದ್ಯ ಓದುವಾಗ ನಾನು ಗೋಡೆಗೊರಗಿ ಕೈ ಮುಗಿದು ಕೂರುತ್ತಿದ್ದೆ, ತಂಗಿ ಹುಟ್ಟಿರಲೂ ಇಲ್ಲ ಆಗ, ಸಾಲು ಮುಗಿದಲ್ಲಿ ಅಜ್ಜ ನಿಲ್ಲುತ್ತಿದ್ದ, ಉಸಿರು ಕೂಡ ಕೇಳಿಸದ ಹಾಗೆ, ಮಗಾ, ಅಕ್ಷರಕ್ಕೆ ಕೈ ಮುಗೀಬೇಡ, ಈ ಸುಮ್ಮನಿರೋದಿದೆಯಲ್ಲ, ಅದಕ್ಕೆ ಮುಗಿ, ಅನ್ನುತ್ತಿದ್ದ. ಆ ಮೌನ ನನಗೆ ಬರಬೇಕಿತ್ತು, ದೇವರೇ, ಕೇಳಿ ಬೆಳೆದವಳು ನಾನು, ಅದನ್ನು ತಗೊಂಡು ಹೋಗಿ ಇವಳ ಬೆರಳಿಗೆ ಇಟ್ಟೆಯಲ್ಲ — ಅಮ್ಮ ಬೇರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ತಂಗಿ ಮೇಲೆ ಯಾಕೇ ಸಿಡಿಮಿಡಿ. ಹೋದ ಬುಧವಾರ ಗಿಟಾರಿನ ಪೆಟ್ಟಿಗೆ ತೆರೆದರೆ ಕತ್ತಿನ ತುದಿಯಲ್ಲಿ, ಮೊದಲ ಫ್ರೆಟ್ಟಿನ ಪಟ್ಟಿಯ ಮೇಲೆ, ಆರೂ ತಂತಿಗಳನ್ನು ಸುತ್ತಿ, ಕಪ್ಪು ಬ್ಯಾಂಡು. ತಟ್ಟಿ ನೋಡಿದೆ, ಗುಂಯ್ ಇಲ್ಲ, ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಬೆರಳಿಂದ ಒರೆಸಿದ ಗಾಜಿನಂಥ ಸ್ವರ, ಅಳು ಬಂತು, ಹಿಂದೆಯೇ ಹೊಟ್ಟೆಯಲ್ಲಿ ಕಿಚ್ಚು ಬುಗ್ಗೆಂದಿತು, ಓಹೋ, ಇದೇನಾ ಕಳ್ಳಿ ನಿನ್ನ ಬೆರಳಿನ ಗುಟ್ಟು, ಬಟ್ಟೆ ಕಟ್ಟಿ ತಂತಿಯ ಬಾಯಿ ಮುಚ್ಚಿಸಿ ಎಲ್ಲರ ಹತ್ತಿರ ಭೇಷ್ ಅನ್ನಿಸಿಕೊಳ್ಳುತ್ತಿದ್ದೀಯಾ. ಯಾರಿಗೂ ಹೇಳಲಿಲ್ಲ. ಇವತ್ತು ಸರ್ ಬಂದರೆಂದು ಅವಳು ಬಾಗಿಲು ತೆಗೆಯಲು ಓಡಿದಾಗ ಬ್ಯಾಂಡು ಎಳೆದುಕೊಂಡೆ, ಅಷ್ಟೆ, ಅರೆಗಳಿಗೆ, ಇಬ್ಬರದೂ ಗುಂಯ್ ಎನ್ನಲಿ, ಸಮ ಸಮ, ತಾಳ ನನ್ನದು ಗಟ್ಟಿ, ಪದ್ಯ ಕೇಳಿದ ಕಿವಿ, ತಾಳದಲ್ಲಿ ನಾನೇ ಗೆಲ್ಲುತ್ತೇನೆ, ದೇವರೇ ಒಂದೇ ಒಂದು ಸಲ ಅವಳ ಬೆರಳು ಜಾರಲಿ, ಇಂಥದ್ದನ್ನೂ ನಿನ್ನ ಹತ್ತಿರವೇ ಕೇಳುತ್ತಿದ್ದೇನಲ್ಲ, ಶುರುಮಾಡಿದಳು.

ಶುರುಮಾಡಿದಳು, ತಟ್ಟಿದಳು, ಬಿಟ್ಟಳು, ಎಲ್ಲಿ ಗುಂಯ್, ಇನ್ನೇನು ಬರುತ್ತದೆ, ದಪ್ಪ ತಂತಿಗೆ ಬಂದಳು, ಬರಲೇಬೇಕು, ಇಲ್ಲ, ಎಡಗೈಯ ತೋರುಬೆರಳು ಮಲಗಿದ ಬೆಕ್ಕಿನ ಹಾಗೆ ಉಳಿದ ತಂತಿಗಳ ಬಾಯಿ ಮುಚ್ಚಿಕೊಂಡು ಮಲಗಿದೆ, ಬಲ ಅಂಗೈಯ ಅಂಚು ಕೆಳಗಿನವನ್ನು ಸವರಿಕೊಂಡಿದೆ, ಇಷ್ಟು ದಿನ ಎದುರಿಗೇ ಕೂತು ನಾನು ನೋಡುತ್ತಿದ್ದದ್ದು ಏನನ್ನು, ಸ್ವರ, ಸುಮ್ಮನೆ, ಸ್ವರ, ಸುಮ್ಮನೆ, ಅಜ್ಜನ ಸಾಲಿನ ಕೊನೆ. ಸರ್ ಕಣ್ಣು ತೆರೆಯುತ್ತಾರೆ. ಬಹಳ ಚೆನ್ನಾಗಿದೆಯಮ್ಮ, ಈಗ ಅಕ್ಕ ಬರಲಿ. ಗಿಟಾರು ನನ್ನ ತೊಡೆಗೆ ಬರುತ್ತದೆ, ಅವಳ ಮೈ ಬಿಸಿ ಇನ್ನೂ ಅದರಲ್ಲಿದೆ, ಅವಳು ಬಗ್ಗುತ್ತಾಳೆ, ಪೆಟ್ಟಿಗೆಯೊಳಗೆ ನೋಡುತ್ತಾಳೆ, ಸ್ಟೂಲಿನ ಕೆಳಗೆ ನೋಡುತ್ತಾಳೆ, ಅಕ್ಕಾ, ನಿನ್ನ ಬ್ಯಾಂಡ್ ಎಲ್ಲೇ? ನನ್ನ? ಹೂಂ ಕಣೇ, ನೀನು ಬಚ್ಚಲಲ್ಲಿ ಅಳ್ತಿದ್ದೆಯಲ್ಲ ಅವತ್ತು, ಅದಕ್ಕೆ ನಿನಗೇಂತ ಕಟ್ಟಿಟ್ಟಿದ್ದೆ, ಹೇಳಿದ್ರೆ ಬೈತೀಯ ಅಂತ ಹೇಳಲಿಲ್ಲ, ನಾನು ಬಾರಿಸುವಾಗ ಬಿಚ್ಚಿಡ್ತೀನಿ, ಮತ್ತೆ ಕಟ್ತೀನಿ, ಬೆಳಿಗ್ಗೆ ಇಲ್ಲೇ ಇತ್ತು, ಅಮ್ಮಾ, ನೀನು ನೋಡಿದ್ಯಾ? ಅಮ್ಮ ಕುರ್ಚಿಯ ಕೆಳಗೆ ಇಣುಕುತ್ತಾಳೆ. ಸರ್ ನಗುತ್ತಾರೆ, ಕಟ್ಟಿಕೊಳ್ಳಮ್ಮ, ತಪ್ಪೇನಿಲ್ಲ, ಕಲಿಯೋವಾಗ ನಾನೂ ಕಟ್ಟಿಕೊಂಡವನೇ, ಹುಡುಕಿ, ನಾನು ಕಾಯ್ತೀನಿ. ಕಾಯುತ್ತಾರೆ. ಅಮ್ಮ, ತಂಗಿ ಇಬ್ಬರೂ ನನಗಾಗಿ ಹುಡುಕುತ್ತಾರೆ, ತಂಗಿ ನೆಲಕ್ಕೆ ಕೆನ್ನೆ ಹಚ್ಚಿ ಬೀರುವಿನಡಿ ಕೈ ಹಾಕಿದ್ದಾಳೆ, ಬೆನ್ನ ಮೇಲೆ ಬಿಚ್ಚಿದ ಕೂದಲು, ತಂತಿ ತಟ್ಟಬೇಕಾದರೆ ಬಲಗೈ ಬಿಡಿಸಬೇಕು, ಬಲಗೈ ಬಿಡಿಸಿದರೆ — ಕೆಂಪು ದೀಪ, ಆರು ತಂತಿ, ಬೆವರು, ಬೆರಳಿಗೆ ಸುತ್ತಿದ ಒಂದು ಉದ್ದ ಕೂದಲು, ಕಪ್ಪು, ಮೆತ್ತಗೆ, ಮುಷ್ಟಿಯೊಳಗೆ