ಹಿಂದಿನ ಗೇಟಿನ ಎರಡನೇ ಬೀಗ

ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಆ ಶಾಲೆಯಲ್ಲಿ ‘ವಿದ್ಯಾರ್ಥಿಗಳ ಮಾತು’ ಎಂಬ ಕಾರ್ಯಕ್ರಮ ಇರುತ್ತಿತ್ತು. ವಿದ್ಯಾರ್ಥಿಗಳದ್ದು ಎನ್ನುವುದು ಹೆಸರಿಗೆ ಮಾತ್ರ. ಮಾತನ್ನು ಬರೆದುಕೊಡುತ್ತಿದ್ದವರು ಉಪ ಮುಖ್ಯೋಪಾಧ್ಯಾಯರು. ಸೊಂಟದಲ್ಲಿ ಸದಾ ಕೀಲಿಗೊಂಚಲು ಜೋಲಾಡುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಅವರು ಬೀಗದ ಸರ್. ಅವರು ಹಾಳೆ ಕೊಡುವುದು, ಪ್ರತಿನಿಧಿ ಓದುವುದು, ಉಳಿದವರು ಚಪ್ಪಾಳೆ ತಟ್ಟುವುದು. ‘ನಾವು ಶಿಸ್ತಿನಿಂದ ಇರುತ್ತೇವೆ, ಎಲ್ಲವನ್ನೂ ಕೊಟ್ಟ ಶಾಲೆಗೆ ಋಣಿಗಳಾಗಿರುತ್ತೇವೆ’ ಎಂದು ಅಲ್ಲಿನ ಮಕ್ಕಳು ವರ್ಷಗಟ್ಟಲೆ ಹೇಳಿಕೊಂಡೇ ಬಂದಿದ್ದರು. ಏನು ಕೊಟ್ಟಿತು, ಏನು ಕೊಡಲಿಲ್ಲ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಈ ವರ್ಷ ಇಡೀ ಶಾಲೆಯ ಪ್ರತಿನಿಧಿ ಒಂಬತ್ತನೇ ತರಗತಿಯ ಹುಡುಗಿ, ಅಡ್ಡಹೆಸರು ಮೈಕು. ಅಡುಗೆಮನೆಯಲ್ಲಿ ಕೂತು ಕೂಗಿದರೆ ಬೀದಿಯ ತುದಿಯಲ್ಲಿ ಹೋಗುತ್ತಿರುವವರು ತಿರುಗಿ ನೋಡಬೇಕು, ಅಂಥ ಗಂಟಲು. ದೇವರು ಇವಳ ಗಂಟಲಿಗೊಂದು ಗುಂಡಿ ಇಟ್ಟಿದ್ದರೆ ಬೇಕಾದಾಗ ಆರಿಸಬಹುದಿತ್ತು ಎಂದು ಅಜ್ಜಿ ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದರು. ಮೈಕುವಿಗೆ ಅದು ಬೈಗುಳ ಅನ್ನಿಸಿದ್ದೇ ಇಲ್ಲ. ತನಗೆ ಮಾತಾಡಲು ಬರುತ್ತದೆ ಎಂದೇ ಅವಳು ತಿಳಿದಿದ್ದಳು.

ಅವಳ ಮನೆ ಶಾಲೆಯ ಬೆನ್ನಿಗಿದ್ದ ಓಣಿಯಲ್ಲಿತ್ತು. ಹಿಂದಿನ ಗೇಟು ದಾಟಿದರೆ ಸಾಕು, ಓಣಿ. ಆದರೆ ಹೋದ ವರ್ಷದ ಕೊನೆಯಲ್ಲಿ ಬೀಗದ ಸರ್ ಆ ಗೇಟಿಗೆ ಬೀಗ ಜಡಿದರು. ಅಂದಿನಿಂದ ಓಣಿಯ ಮಕ್ಕಳೆಲ್ಲ ಹೆದ್ದಾರಿ ಹಿಡಿದು, ಗೋದಾಮುಗಳ ಮುಂದೆ ಸಾಲುಗಟ್ಟಿ ನಿಂತ ಲಾರಿಗಳನ್ನು ಬಳಸಿ, ದೊಡ್ಡ ಸುತ್ತು ಹೊಡೆದು ಮನೆ ಸೇರಬೇಕಿತ್ತು. ದೊಡ್ಡವರಿಗೆ ಅದು ಬರೀ ಕಾಲುನೋವು. ಸಣ್ಣ ತರಗತಿಗಳನ್ನು ಮಾತ್ರ ದೊಡ್ಡವರಿಗಿಂತ ಒಂದು ಗಂಟೆ ಮೊದಲೇ ಬಿಡುತ್ತಿದ್ದರು. ಬಿಟ್ಟ ಮೇಲೆ ಆವರಣದಲ್ಲಿ ನಿಲ್ಲುವಂತಿಲ್ಲ. ಅಜ್ಜಿಗೆ ಅಷ್ಟು ದೂರ ನಡೆಯಲಾಗುತ್ತಿರಲಿಲ್ಲ. ಹಾಗಾಗಿ ಒಂದನೇ ತರಗತಿಯ ಪುಟ್ಟಿ, ಮೈಕುವಿನ ತಂಗಿ, ತನಗಿಂತ ದೊಡ್ಡ ಚೀಲ ಹೊತ್ತು ಅದೇ ದಾರಿಯಲ್ಲಿ ಒಬ್ಬಳೇ ಬರುತ್ತಿದ್ದಳು.

ಒಂದು ಸಂಜೆ ಮೈಕು ಮನೆಗೆ ಬಂದಾಗ ಪುಟ್ಟಿಯ ಮೊಣಕೈಗೆ ಬಟ್ಟೆ ಸುತ್ತಿತ್ತು. ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಚೀಲಕ್ಕೆ ತಾಗಿ ಅವಳು ಚರಂಡಿಗೆ ಬಿದ್ದಿದ್ದಳಂತೆ. ಹೊಲಿಗೆ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಅಮ್ಮ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಸಿದು ಕೂತಿದ್ದಳು.

“ಈ ತಿಂಗಳು ನೋಡ್ತೀನಿ. ಆ ಗೇಟ್ ತೆಗೀಲಿಲ್ಲ ಅಂದ್ರೆ ಪುಟ್ಟೀನ ಬಿಡಿಸ್ತೀನಿ,” ಎಂದಳು ಅಮ್ಮ. “ಒಂದ್ ವರ್ಷ ಹೋದ್ರೆ ಹೋಗ್ಲಿ. ಮಗು ಇದ್ರೆ ತಾನೆ ಓದು?”

ಪುಟ್ಟಿ ಆಗಷ್ಟೇ ತನ್ನ ಹೆಸರು ಬರೆಯಲು ಕಲಿತಿದ್ದಳು. ಮನೆಯ ಗೋಡೆಯ ಮೇಲೆಲ್ಲ ಅದೇ ಹೆಸರು, ಸೊಟ್ಟಗೆ, ಕೈಗೆಟಕಿದಷ್ಟು ಎತ್ತರದವರೆಗೆ. ಮೈಕು ಆ ಗೋಡೆ ನೋಡಿದಳು. ಸಿಟ್ಟು ಬಂತು.

ಮರುಸೋಮವಾರ ಬೀಗದ ಸರ್ ಕೊಟ್ಟ ಹಾಳೆಯನ್ನು ಅವಳು ಒಂದು ಸಾಲಿನವರೆಗೆ ಓದಿದಳು. ಆಮೇಲೆ ಅದನ್ನು ಮಡಚಿ, ಧ್ವನಿವರ್ಧಕವನ್ನೂ ಪಕ್ಕಕ್ಕೆ ತಳ್ಳಿ, ಇದ್ದ ಗಂಟಲನ್ನೆಲ್ಲ ತೆರೆದಳು. ಗೇಟು ಯಾರಪ್ಪನ ಆಸ್ತಿಯೂ ಅಲ್ಲ, ಕೀಲಿ ಸೊಂಟದಲ್ಲಿದೆ ಎಂದ ಮಾತ್ರಕ್ಕೆ ಶಾಲೆ ಅವರದಾಗುವುದಿಲ್ಲ, ಇವತ್ತೇ ತೆಗೆಯಿರಿ ಎಂದಳು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹಾಕಿದರು, ಅಂಗಳವೇ ಎದ್ದು ಕುಣಿಯಿತು. ಮೈಕುವಿನ ಕಾಲು ನೆಲದ ಮೇಲಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿಂದಿನ ಗೇಟಿಗೆ ಎರಡನೇ ಬೀಗ ಬಿದ್ದಿತ್ತು. ಮೊದಲನೆಯದಕ್ಕಿಂತ ದಪ್ಪ, ಹೊಚ್ಚ ಹೊಸದು.

ಸಂಜೆ ಆ ಬೀಗ ನೋಡುತ್ತ ನಿಂತಿದ್ದ ಮೈಕುವಿನ ಪಕ್ಕಕ್ಕೆ ಇತಿಹಾಸದ ಮೇಡಂ ಬಂದು ನಿಂತರು. ಆ ವರ್ಷವೇ ಸೇರಿದ್ದ, ಮೆಲ್ಲಗೆ ಮಾತಾಡುವ ಹೆಂಗಸು. ಸಮಾಧಾನ ಹೇಳುತ್ತಾರೆ ಎಂದುಕೊಂಡರೆ ಅವರು ಕೇಳಿದ್ದೇ ಬೇರೆ.

“ಸರ್ ಬೀಗ ಯಾಕೆ ಹಾಕಿದ್ರು, ಗೊತ್ತಾ?”

“ದರ್ಪ ಮೇಡಂ. ಇನ್ನೇನಿರತ್ತೆ?”

“ಅವ್ರನ್ನ ಕೇಳಿದ್ಯಾ?”

ಕೇಳಿರಲಿಲ್ಲ. ಕೇಳುವುದೂ ಮಾತಾಡುವುದರಲ್ಲೇ ಸೇರಿದೆ ಎಂದು ಅವಳಿಗೆ ಹೊಳೆದೂ ಇರಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಎಲ್ಲ ತರಗತಿಯ ಪ್ರತಿನಿಧಿಗಳೂ ಇತಿಹಾಸದ ಮೇಡಂ ಕೋಣೆಯಲ್ಲಿ ಸೇರತೊಡಗಿದರು. ಭಾಷಣ ಕಲಿಸುತ್ತಾರೆ ಎಂದು ಬಂದವರಿಗೆ ಮೇಡಂ ಒಂದೇ ಒಂದು ಆಟ ಕೊಟ್ಟರು. ಯಾವ ವಿಷಯವಾದರೂ ಸರಿ, ಜಗಳವಾಡಿ. ಆದರೆ ನಿಮ್ಮ ಮಾತು ಹೇಳುವ ಮೊದಲು ಎದುರಿನವರ ಮಾತನ್ನು ನೀವೇ ಹೇಳಬೇಕು. ‘ಹೌದು, ಇದೇ ನನ್ನ ಮಾತು’ ಎಂದು ಅವರು ಒಪ್ಪಿ ತಲೆಯಾಡಿಸಬೇಕು. ಅಲ್ಲಿಯವರೆಗೆ ನಿಮ್ಮ ಸರದಿ ಇಲ್ಲ.

ಮೈಕುವಿನ ಎದುರಿಗೆ ಕೂತವನು ಅವಳದೇ ತರಗತಿಯ ಪ್ರತಿನಿಧಿ, ಹಿಂದಿನ ಬೆಂಚಿನ ಉದ್ದನೆಯ ಹುಡುಗ, ಎಲ್ಲರ ಬಾಯಲ್ಲಿ ಏಣಿ. ಕಿಟಕಿ ಮುಚ್ಚಬೇಕು ಎಂದು ಅವನು, ತೆರೆದಿರಬೇಕು ಎಂದು ಇವಳು. “ನಿನಗೆ ಸೋಮಾರಿತನ, ಬೆಳಕಿದ್ರೆ ನಿದ್ದೆ ಬರಲ್ಲ,” ಎಂದು ಇವಳು ಶುರು ಮಾಡಿದರೆ ಅವನು ತಲೆ ಅಡ್ಡಡ್ಡ ಆಡಿಸಿದ. ಇನ್ನೊಮ್ಮೆ ಹೇಳಿದಳು, ಮತ್ತೆ ಅಡ್ಡ. ಮತ್ತೊಮ್ಮೆ ಹೇಳಿದಳು, ಆಗಲೂ ಅಡ್ಡ. ಬಿಸಿಲು ಹಲಗೆಯ ಮೇಲೆ ಹೊಳೆದು ಹಿಂದೆ ಕೂತವನಿಗೆ ಅಕ್ಷರವೇ ಕಾಣುವುದಿಲ್ಲ ಎಂಬ ಸಣ್ಣ ವಿಷಯ ಅವಳ ತಲೆಗೆ ಹೋಗುವಷ್ಟರಲ್ಲಿ ಬೆವರು ಕಿತ್ತುಕೊಂಡಿತ್ತು. ಏಣಿ ಕೊನೆಗೂ ತಲೆಯಾಡಿಸಿದ. ಅಷ್ಟರಲ್ಲಿ ಅವಳಿಗೆ ಕಿಟಕಿಯ ಮೇಲಿನ ಹಟವೇ ಹೋಗಿತ್ತು. ಅರ್ಧ ಮುಚ್ಚೋಣ ಬಿಡು ಎಂದಳು.

ಹೀಗೆ ಕೆಲವು ಸಂಜೆ ಕಳೆದ ಮೇಲೆ ಅವಳು ಬೀಗದ ಸರ್ ಕೋಣೆಯ ಬಾಗಿಲು ತಟ್ಟಿದಳು. ಮೊದಲು ಸೋಮವಾರದ ಮಾತಿಗೆ ಕ್ಷಮೆ ಕೇಳಿದಳು. ಆಮೇಲೆ, ಗೇಟ್ ತೆಗೆಯಿರಿ ಎನ್ನಲು ಬಂದಿಲ್ಲ, ಯಾಕೆ ಹಾಕಿದಿರಿ ಎಂದು ತಿಳಿಯಬೇಕಿತ್ತು ಎಂದಳು. ಸರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇದರಲ್ಲೇನೋ ತರಲೆ ಇದೆ ಎಂದು ಹುಡುಕಿದರು, ಸಿಗಲಿಲ್ಲ. ಕೂರಲು ಹೇಳಿದರು.

ಹೋದ ವರ್ಷ ಒಂದನೇ ತರಗತಿಯ ಮಗುವೊಂದು ಆ ಗೇಟಿನಿಂದ ಹೊರಗೆ ಹೋಗಿಬಿಟ್ಟಿತ್ತು. ಯಾರೂ ನೋಡಿರಲಿಲ್ಲ. ಕತ್ತಲಾಗುವವರೆಗೆ ಹುಡುಕಾಟ ನಡೆದಿತ್ತು. ಕೊನೆಗೆ ಓಣಿಯ ಆಚೆ, ಮನೆ ಕಟ್ಟುವಲ್ಲಿ ಮರಳಿನ ಗುಡ್ಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಪಕ್ಕದಲ್ಲೇ ತೆರೆದ ನೀರಿನ ತೊಟ್ಟಿ. ಎತ್ತಿಕೊಂಡು ಮನೆಗೆ ಮುಟ್ಟಿಸಿದವರು ಇದೇ ಸರ್.

“ಆ ತಾಯಿ ನನ್ನ ಒಂದ್ ಮಾತೂ ಬೈಲಿಲ್ಲ ಕಣಮ್ಮ,” ಎಂದರು. “ಬೈದಿದ್ರೆ ನನಗೆ ನಿದ್ದೆ ಬರ್ತಿತ್ತು. ಮಾರನೇ ದಿನವೇ ಬೀಗ ತಂದೆ.”

ದರ್ಪ ಎಂದಿದ್ದು ನೆನಪಾಗಿ ಮೈಕುವಿನ ಮುಖ ಬಿಸಿಯಾಯಿತು. ಇಷ್ಟು ದಿನ ಅವರ ಸೊಂಟದಲ್ಲಿ ಜೋಲಾಡುತ್ತಿದ್ದದ್ದು ಭಯ. ಅವಳು ಎದ್ದು ಕೈಮುಗಿದು ಬಂದಳು.

ಆದರೆ ಪುಟ್ಟಿಯ ದಾರಿ ಹಾಗೇ ಇತ್ತಲ್ಲ, ತಿಂಗಳೂ ಮುಗಿಯುತ್ತ ಬಂದಿತ್ತು. ಪ್ರತಿನಿಧಿಗಳು ಹಂಚಿಕೊಂಡು ಓಣಿಯ ಮನೆಮನೆಗೂ ಹೋದರು. ರಾತ್ರಿ ಪಾಳಿಯವರು, ಮನೆಯಲ್ಲೇ ಹೊಲಿಯುವವರು, ಮೊಮ್ಮಕ್ಕಳನ್ನು ನೋಡಿಕೊಳ್ಳುವ ಮುದುಕರು, ಎಲ್ಲರ ಮಾತನ್ನೂ ಕೇಳಿದರು. ಮೂಗು ಮುರಿದವರೂ ಇದ್ದರು. ಶಾಲೆಯಲ್ಲಿ ದೊಡ್ಡ ಹುಡುಗರನ್ನೂ ಕೇಳಿದರು. ಕೇಳಿದ್ದು ಹೆಚ್ಚಾದಂತೆ ಮೈಕುವಿನ ಗಂಟಲು ತಾನಾಗಿ ಇಳಿಯುತ್ತ ಬಂತು. ಮೈ ಹುಷಾರಿಲ್ಲವೇನೋ ಎಂದು ಅಜ್ಜಿ ಹಣೆ ಮುಟ್ಟಿ ನೋಡಿದರು.

ಆ ತಿಂಗಳ ಕೊನೆಯ ಶುಕ್ರವಾರ ಪೋಷಕರ ಸಭೆ. ದೊಡ್ಡ ಮೇಡಂ, ಎಂದರೆ ಮುಖ್ಯೋಪಾಧ್ಯಾಯಿನಿ, ನಡುವೆ ಕೂತಿದ್ದರು. ಪಕ್ಕದಲ್ಲಿ ಬೀಗದ ಸರ್. ಹಿಂದಿನ ಸಾಲಿನಲ್ಲಿ ಅಮ್ಮ ಕಾರ್ಖಾನೆಯ ಸಮವಸ್ತ್ರದಲ್ಲೇ ಬಂದು, ಸೆರಗಿಲ್ಲದ ಕಡೆ ಸೆರಗು ಹುಡುಕುತ್ತ ಕೂತಿದ್ದಳು. ಮೈಕು ಎದ್ದು ನಿಂತಾಗ ಕೆಲವರು ಆಗಲೇ ಕಿವಿ ಮುಚ್ಚಿಕೊಂಡು ನಕ್ಕರು.

ಅವಳು ಕೂಗಲಿಲ್ಲ. ಮೊದಲು ಉಪ ಮುಖ್ಯೋಪಾಧ್ಯಾಯರ ಮಾತು ಹೇಳುತ್ತೇನೆ ಎಂದಳು. ಕಳೆದುಹೋದ ಮಗುವನ್ನು, ಕತ್ತಲಲ್ಲಿ ನಡೆದ ಹುಡುಕಾಟವನ್ನು, ಆ ತೊಟ್ಟಿಯನ್ನು ಹೇಳಿದಳು. ಗೇಟು ತೆರೆದಿದ್ದು ಮತ್ತೊಂದು ಮಗು ಹೋದರೆ ಉತ್ತರ ಕೊಡಬೇಕಾದವರು ಸರ್ ಒಬ್ಬರೇ, ಬೀಗ ಜಡಿದರೆ ಆ ಒಂದು ಭಯವಾದರೂ ತಪ್ಪುತ್ತದೆ ಎಂದಳು. ಆಮೇಲೆ ಅವರ ಕಡೆ ತಿರುಗಿದಳು.

“ಸರ್, ಇದೇ ತಾನೆ ನಿಮ್ಮ ಮಾತು? ನಾನೇನಾದ್ರೂ ಬಿಟ್ನಾ?”

ಬೀಗದ ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಏನೂ ಬಿಟ್ಟಿಲ್ಲಮ್ಮ,” ಎಂದರು. “ನನಗೇ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರ್ಲಿಲ್ಲ.”

ಆಗ ಅವಳ ಸರದಿ ಬಂತು. ಪುಟ್ಟಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೊಣಕೈಯ ಗಾಯ ತೋರಿಸಿ, ಲಾರಿಯ ವಿಷಯ ಹೇಳಿದಳು. ಮಗು ಕಳೆದುಹೋಗುವ ದಾರಿಯನ್ನು ಮುಚ್ಚಲು ಹೋಗಿ ನಾವು ಮಗುವನ್ನು ಲಾರಿಯ ಮುಂದೆ ನಿಲ್ಲಿಸಿದ್ದೇವೆ ಎಂದಳು. ಹಾಗಾಗಿ ಗೇಟು ಇಡೀ ದಿನ ತೆರೆದಿರುವುದು ಬೇಡ. ಸಣ್ಣ ತರಗತಿ ಬಿಡುವಾಗ ಮಾತ್ರ ತೆಗೆಯಲಿ. ದಿನಕ್ಕೊಬ್ಬರಂತೆ ಓಣಿಯ ಹೆಂಗಸರು ಗೇಟಿಗೆ ಬಂದು ಮಕ್ಕಳನ್ನು ಕರೆದೊಯ್ಯಲು ಒಪ್ಪಿದ್ದಾರೆ. ಒಳಗೆ ದೊಡ್ಡ ತರಗತಿಯ ಇಬ್ಬರು ನಿಂತು, ಮಗುವಿನ ಕೈಯನ್ನು ಅವರ ಕೈಗೇ ಕೊಡುತ್ತಾರೆ.

“ದೊಡ್ಡ ಹುಡುಗರು ಅದೇ ಸಂದಿಯಲ್ಲಿ ಜಾರಿಕೊಂಡ್ರೆ?” ಎಂದರು ಬೀಗದ ಸರ್.

“ಖಂಡಿತ ಜಾರಿಕೊಳ್ತಾರೆ ಸರ್. ನಾವು ಕೇಳಿದಾಗ ಅವರೇ ಹೇಳಿದ್ರು. ಅದಕ್ಕೇ ಏಣೀನ ಕಾವಲಿಗೆ ಹಾಕಿದೀವಿ. ಯಾರು ಯಾವಾಗ ಓಡ್ತಾರೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.”

ನಗು ಎದ್ದಿತು. ಏಣಿ ಇದ್ದಷ್ಟೂ ಎತ್ತರಕ್ಕೆ ಕೆಂಪಾದ. ಶಾಲಾ ಸಮಿತಿಯ ಹಿರಿಯರೊಬ್ಬರಿಗೆ ಮಾತ್ರ ನಗು ಬರಲಿಲ್ಲ. ಇವತ್ತು ಗೇಟು ಮಕ್ಕಳ ಕೈಗೆ, ನಾಳೆ ಪರೀಕ್ಷೆಯನ್ನೂ ಅವರೇ ನಡೆಸುತ್ತಾರೇನು ಎಂದರು. ಮೈಕು ನಾಲಿಗೆ ತುದಿಯವರೆಗೆ ಬಂದ ಉತ್ತರವನ್ನು ನುಂಗಿಕೊಂಡಳು. ಮಕ್ಕಳ ಕೈಗೆ ಅಧಿಕಾರ ಹೋದರೆ ಶಿಸ್ತು ಸಡಿಲವಾಗುತ್ತದೆ ಎಂಬುದು ನಿಮ್ಮ ಚಿಂತೆಯೇ ಎಂದು ಕೇಳಿದಳು. ಹಿರಿಯರು ಅನುಮಾನಿಸುತ್ತಲೇ ತಲೆಯಾಡಿಸಿದರು. ಕೀಲಿ ಸರ್ ಹತ್ತಿರವೇ ಇರಲಿ ಎಂದಳು ಮೈಕು. ಹಿರಿಯರು ಕುರ್ಚಿಗೆ ಒರಗಿ ಕೂತರು.

ಬರಬೇಕಾದ ಹೆಂಗಸು ಒಂದು ದಿನ ಬಾರದಿದ್ದರೆ ಏನು ಮಾಡುತ್ತೀರಿ ಎಂದು ದೊಡ್ಡ ಮೇಡಂ ಕೇಳಿದರು.

“ಆವತ್ತು ಗೇಟ್ ತೆಗೆಯೋದೇ ಬೇಡ ಮೇಡಂ. ನೀವು ಒಪ್ಪಿದ್ರೆ ಇತಿಹಾಸದ ಮೇಡಂ ಮಕ್ಕಳನ್ನ ಅವರ ಕೋಣೇಲಿ ಕೂರಿಸ್ಕೋತಾರೆ. ಶಾಲೆ ಬಿಟ್ಟ ಮೇಲೆ ನಾವೇ ಕರ್ಕೊಂಡು ಹೋಗ್ತೀವಿ.”

ದೊಡ್ಡ ಮೇಡಂ ಬೀಗದ ಸರ್ ಮುಖ ನೋಡಿದರು. ನಿರ್ಧಾರ ಅವರದು ಎಂಬಂತೆ ಕಾದರು. ಸರ್ ಸೊಂಟದ ಗೊಂಚಲಿನಿಂದ ಹೊಸ ಬೀಗದ ಕೀಲಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು.

“ಸೋಮವಾರದಿಂದ,” ಎಂದರು. “ಗೇಟಲ್ಲಿ ನಾನೂ ನಿಲ್ತೀನಿ.”

ಹಿಂದಿನ ಸಾಲಿನಲ್ಲಿ ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ತಾನೊಬ್ಬಳೇ ಎಂದು ತಿಳಿದು ನಾಚಿ ಕೂರುವಷ್ಟರಲ್ಲಿ ಇಡೀ ಸಭಾಂಗಣ ಎದ್ದಿತ್ತು. ಯಾರೂ ತಟ್ಟಿರೆಂದು ಹೇಳಿರದ, ಆ ಶಾಲೆಯ ಮೊದಲನೆಯ ಚಪ್ಪಾಳೆ ಅದು. ಮೈಕುವಿಗೆ ಖುಷಿ ತಡೆಯಲಾಗಲಿಲ್ಲ, ಹಳೆಯ ಗಂಟಲಿನಲ್ಲೇ ಒಮ್ಮೆ ಹೋ ಎಂದಳು.

ಸೋಮವಾರ ಬೆಳಿಗ್ಗೆ ಬೀಗದ ಸರ್ ಬರಿಗೈಯಲ್ಲಿ ಬಂದರು. ಈ ವಾರ ನಾನು ಏನೂ ಬರೆದಿಲ್ಲ, ಹೇಳುವುದಿರುವವರು ಬಂದು ಹೇಳಿ ಎಂದು ಧ್ವನಿವರ್ಧಕವನ್ನು ಮಕ್ಕಳ ಕಡೆ ತಿರುಗಿಸಿ ಪಕ್ಕಕ್ಕೆ ಸರಿದರು. ಮಧ್ಯಾಹ್ನ ಸಣ್ಣ ತರಗತಿ ಬಿಟ್ಟಾಗ ಹಿಂದಿನ ಗೇಟಿನ ಎರಡೂ ಬೀಗ ಕಳಚಿದವು. ಹಳೆಯದು ತುಕ್ಕು ಹಿಡಿದು ಸ್ವಲ್ಪ ಸತಾಯಿಸಿತು. ಆಚೆ ಬದಿಯಲ್ಲಿ ಮೊದಲ ದಿನದ ಸರದಿಗೆ ಬಂದಿದ್ದವರು ಅಜ್ಜಿ. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು, ಮದುವೆಗೆ ಹೊರಟವರ ಹಾಗೆ ನಿಂತಿದ್ದರು. ಏಣಿ ಒಂದೊಂದೇ ಪುಟ್ಟ ಕೈಯನ್ನು ಅವರ ಕೈಗೆ ಕೊಟ್ಟ. ಮೈಕು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಕೊನೆಯಲ್ಲಿ ಉಳಿದವಳು ಪುಟ್ಟಿ. ಅವಳು ಹೊರಗೆ ಹೋಗದೆ ಬೀಗದ ಸರ್ ಅಂಗಿಯ ತುದಿ ಹಿಡಿದು ಎಳೆದಳು.

“ಸರ್, ಕ್ಲಾಸಲ್ಲಿ ನಮ್ಮ ಸಾಲೇ ಯಾವಾಗ್ಲೂ ಕೊನೆ.”

ಸರ್ ಅವಳ ಎದುರಿಗೆ ಮೊಣಕಾಲೂರಿ ಕೂತರು.

“ತಾಳು, ನಿನ್ನ ಮಾತು ನಾನ್ ಹೇಳ್ತೀನಿ, ಸರೀನಾ ನೋಡು,” ಎಂದರು. “ಎಲ್ಲರಿಗಿಂತ ಕೊನೇಲಿ ಹೋಗಬೇಕಲ್ಲ, ಅದಕ್ಕೆ ನಿನಗೆ ಬೇಜಾರು. ಇದೇನಾ?”

ಪುಟ್ಟಿ ಗಂಭೀರವಾಗಿ ಯೋಚಿಸಿದಳು. ಆಮೇಲೆ ತಲೆಯನ್ನು ಅಡ್ಡಡ್ಡ ಆಡಿಸಿದಳು.

“ಅಲ್ವಾ? ಹಾಗಾದ್ರೆ ಇನ್ನೊಂದ್ ಸಲ ಹೇಳು ಪುಟ್ಟಿ,” ಎಂದು ಸರ್ ಕೀಲಿಗೊಂಚಲನ್ನು ನೆಲಕ್ಕಿಟ್ಟು, ತೆರೆದ ಗೇಟಿನ ಹೊಸ್ತಿಲ ಮೇಲೆ ಆರಾಮಾಗಿ ಕೂತುಕೊಂಡರು.