ಟೀವಿಯವರಿಗೂ ಒಬ್ಬಟ್ಟು

ಸರಸ್ವತಿಪುರಂನ ಸಿದ್ದಲಿಂಗಮ್ಮನಿಗೆ ಗಂಡನ ಸಕ್ಕರೆ ಕಾಯಿಲೆಗಿಂತ ಗಂಡನ ಹಟವೇ ದೊಡ್ಡ ತಲೆನೋವಾಗಿತ್ತು. ಹೆಬ್ಬಾಳದ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದ ಮರಿಯಯ್ಯನಿಗೆ ಡಾಕ್ಟರು, ಹೀಗೇ ತಿನ್ನುತ್ತಿದ್ದರೆ ಕಾಲಿನ ಗಾಯ ಒಣಗುವುದಿಲ್ಲ, ಕಾಲೇ ಹೋದೀತು ಎಂದು ಹೇಳಿಯಾಗಿತ್ತು. ಆ ಮಾತು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಹೊರಬಂತು. ಹೆಂಡತಿಯ ಮಾತಂತೂ ಈ ಕಿವಿಗೂ ಹೋಗುತ್ತಿರಲಿಲ್ಲ. ಟೀವಿ ಹೇಳಿದ್ದು ಮಾತ್ರ ಅವನಿಗೆ ವೇದವಾಕ್ಯ. ಟೀವಿಯವರು ಹೇಳಿದರೆಂದು ಆಷಾಢದ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿ ನೆಗಡಿ ತಂದುಕೊಂಡ ಭೂಪ ಅವನು.

ಆದ್ದರಿಂದ, ಅಡ್ಡಾದಿಡ್ಡಿ ತಿನ್ನುವವರ ಮನೆಗೇ ಹೋಗಿ ಊಟ ತಿದ್ದುವ 'ಹಿತಮಿತ' ಎಂಬ ಟೀವಿ ಕಾರ್ಯಕ್ರಮಕ್ಕೆ ಅವಳು ಗುಟ್ಟಾಗಿ ಫೋನ್ ಮಾಡಿದಳು. "ನೀವೇ ಬಂದು ಒಂದ್ ಮಾತು ಹೇಳ್ಬುಡಿ ತಾಯಿ, ನಮ್ ಯಜಮಾನ್ರ ಕಾಲು ಉಳಿಸ್ಕೊಡಿ," ಎಂದು ಗೋಗರೆದಳು.

ಆಹಾರತಜ್ಞೆ ಮಾಲವಿಕಾ, ಕ್ಯಾಮೆರಾ ಹಿಡಿದ ವಾಗೀಶನೊಂದಿಗೆ ಬಂದಳು. ಸಕ್ಕರೆ ಡಬ್ಬಿ ಅಟ್ಟ ಸೇರಿತು, ಅನ್ನ ಪುಟ್ಟ ಬಟ್ಟಲಿಗೆ ಇಳಿಯಿತು. ಮರಿಯಯ್ಯ ಕೈಕಟ್ಟಿ ನಿಂತು ಎಲ್ಲದಕ್ಕೂ ತಲೆಯಾಡಿಸಿದ. ಸಿದ್ದಲಿಂಗಮ್ಮನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಬೆಳಗ್ಗೆಯೇ ತಟ್ಟಿಟ್ಟಿದ್ದ ಒಬ್ಬಟ್ಟಿನ ಡಬ್ಬಿ ಹೊರಬಂತು, ಅದರ ಹಿಂದೆಯೇ ತುಪ್ಪದ ಗಿಂಡಿ.

"ಬೇಡ ಅಮ್ಮ, ಈಗ ತಾನೆ ನಾನೇ ಸಿಹಿ ಬಿಡಿ ಅಂದಿದೀನಿ," ಎಂದಳು ಮಾಲವಿಕಾ.

"ಅದು ನಮ್ ಯಜಮಾನ್ರಿಗೆ ಅಂದಿದ್ದು ಕಣಮ್ಮ. ನಿಮಗೇನಾಗ್ತದೆ, ಕಡ್ಡಿ ಇದ್ದಂಗಿದೀರ. ನನ್ ಮೇಲಾಣೆ, ಒಂದು."

ಒಂದು ಬಿತ್ತು. ಒಂಟಿ ಬಡಿಸಬಾರದೆಂದು ಇನ್ನೊಂದು ಬಿತ್ತು. ಮಾಲವಿಕಾ ಸಾಕು ಎನ್ನಲು ಹೊರಟಾಗ ಬಾಯಿ ತುಂಬ ಒಬ್ಬಟ್ಟಿತ್ತು. ಅಷ್ಟರಲ್ಲಿ ಮರಿಯಯ್ಯನೂ ತಟ್ಟೆ ಹಿಡಿದು ಬಂದು ಕೂತ.

"ಮೇಡಮ್ಮೋರೇ ತಿಂತಾವ್ರೆ. ನಂಗೂ ಹಾಕು."

"ನಾಚ್ಕೆ ಆಗಲ್ವಾ? ಮೊದ್ಲು ಕಾಲ್ ನೋಡ್ಕೊಳ್ಳಿ," ಎಂದು ಸಿದ್ದಲಿಂಗಮ್ಮ ಬೈದಳು. ಬೈಯುತ್ತಲೇ, ಪಂಕ್ತಿಯಲ್ಲಿ ಕೂತವರಿಗೆ ಭೇದ ಮಾಡಬಾರದೆಂದು, ಅವನಿಗೂ ಎರಡು ಹಾಕಿ ತುಪ್ಪ ಸುರಿದಳು. ವಾಗೀಶ ಇನ್ನೂ ಕ್ಯಾಮೆರಾ ಆರಿಸಿರಲಿಲ್ಲ.

ಭಾನುವಾರ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು ಟೀವಿ ಹಾಕಿದರು. ಪರದೆಯ ತುಂಬ ಸಿದ್ದಲಿಂಗಮ್ಮನ ಬಲಗೈ. ಹಾಕುತ್ತದೆ, ಸುರಿಯುತ್ತದೆ, ಮತ್ತೆ ಹಾಕುತ್ತದೆ. ಹಿನ್ನೆಲೆಯಲ್ಲಿ ಮಾಲವಿಕಾಳ ದನಿ: "ಈ ಕೈಯಿಂದ ನಾನೂ ತಪ್ಪಿಸಿಕೊಳ್ಳಲಿಲ್ಲ. ಈ ಮನೆಯಲ್ಲಿ ಮೊದಲು ತಿದ್ದಬೇಕಾದದ್ದು ಯಜಮಾನರ ಬಾಯಿಯನ್ನಲ್ಲ, ಅಮ್ಮನ ಕೈಯನ್ನು."

ನನ್ನ ತುಪ್ಪ ತಿಂದು ನನ್ನನ್ನೇ ಆಡಿಕೊಂಡಳಲ್ಲ ಎಂದು ಸಿದ್ದಲಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ಅವಳು ಹೇಳಿದ್ದು ನಿಜ ಎನ್ನಿಸಿ ಇನ್ನಷ್ಟು ಉರಿಯಿತು.

ಮಾರನೆಯ ಮಧ್ಯಾಹ್ನ ಗಂಡನ ಪುಟ್ಟ ಬಟ್ಟಲಿನ ಅನ್ನ ಮುಗಿಯುತ್ತಲೇ ಅವಳ ಕೈ ತಾನಾಗಿಯೇ ಸೌಟೆತ್ತಿತು. ಮರಿಯಯ್ಯ ಎರಡೂ ಕೈಯಿಂದ ತಟ್ಟೆ ಮುಚ್ಚಿದ.

"ಬೇಡ ಕಣೆ. ನಿನ್ ಕೈ ನಂಬಬಾರ್ದು ಅಂತ ಟೀವೀಲೇ ಹೇಳವ್ರೆ."

ಮದುವೆಯಾದಾಗಿನಿಂದ ಅವಳು ಬಡಿಸಿದ್ದಕ್ಕೆ ಅವನು ಬೇಡ ಎಂದದ್ದು ಇದೇ ಮೊದಲು. ಕಾಲು ಉಳಿಯಿತಲ್ಲ ಎಂದು ನೆಮ್ಮದಿಯಾಯಿತು, ಅಳುವೂ ಬಂತು. ಎತ್ತಿದ ಸೌಟನ್ನು ಸುಮ್ಮನೆ ಇಳಿಸಲು ಮನಸ್ಸು ಬಾರದೆ ತನ್ನ ತಟ್ಟೆಗೇ ಬಡಿಸಿಕೊಂಡಳು. ಒಂಟಿಯಾಗಬಾರದಲ್ಲ, ಇನ್ನೊಂದು ಸೌಟೂ ಹಾಕಿಕೊಂಡಳು.