ಮೇಲಿನ ಸಾಲು

ಸಗಟು ತರಕಾರಿ ಮಾರುಕಟ್ಟೆಯಲ್ಲಿ ಅವನನ್ನು ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದರು. ಟೊಮೆಟೊ ಬರಲಿ, ಈರುಳ್ಳಿ ಬರಲಿ, ಎಲೆಕೋಸು ಬರಲಿ, ಹರಾಜು ಕೂಗುವವನು ಅವನೇ. ಅವನು ಬಾಯಿ ತೆರೆದನೆಂದರೆ ಲಾರಿಗಳ ಗುರುಗುರು, ತಳ್ಳುಗಾಡಿಯವರ ಬೈಗುಳ ಎಲ್ಲವೂ ಬದಿಗೆ ಸರಿದು ದಾರಿ ಬಿಡುತ್ತಿದ್ದವು. ಅದೇ ಮಾರುಕಟ್ಟೆಯ ಹಿಂಬದಿಯ ಗೋದಾಮಿನಲ್ಲಿ ಅವನ ಹೆಂಡತಿಗೆ ಕೆಲಸ. ಕೊಂಡವರ ಪರವಾಗಿ ಕ್ರೇಟುಗಳನ್ನು ಮಗುಚಿ, ಅಡಿಯಲ್ಲಿ ಅಡಗಿಸಿಟ್ಟ ಕೊಳೆತದ್ದನ್ನು ಬೇರೆ ಮಾಡುವುದು. ಮಾರುವವರೆಲ್ಲ ಮೇಲಿನ ಸಾಲಿಗೆ ಕೆಂಪಗೆ, ಗುಂಡಗೆ, ಹೊಳೆಯುವುದನ್ನೇ ಆರಿಸಿ ಜೋಡಿಸುತ್ತಾರೆ. ಆ ಸಾಲನ್ನು ತೋರಿಸಿ ಇವನು ಕೂಗುತ್ತಾನೆ, ಆಮೇಲೆ ಇವಳು ಮಗುಚುತ್ತಾಳೆ.

"ಗಂಡ ಹೊಗಳಿ ಮಾರಿದ್ದನ್ನ ಹೆಂಡ್ತಿ ಬೈದು ಬಿಸಾಕ್ತಾಳೆ, ಒಳ್ಳೇ ಸಂಸಾರ ಬಿಡಪ್ಪ" ಎಂದು ಮೂಟೆ ಹೊರುವವರು ನಗುತ್ತಿದ್ದರು.

"ಬೆಕ್ಕಿಗೆ ಗಂಟೆ ಕಟ್ಟೋಕೇ ಜನ ಹೆದರ್ತಾರೆ, ನಾನು ಗಂಟೇನೇ ಕಟ್ಕೊಂಡಿದೀನಿ. ನನ್ನ ಧೈರ್ಯ ನೋಡ್ರೋ" ಎಂದು ಇವಳೂ ಬಿಟ್ಟುಕೊಡುತ್ತಿರಲಿಲ್ಲ.

ಆ ಕಸುಬಿನಲ್ಲಿ ದನಿ ಒಡೆಯುವುದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಮಾಲು ರಾಶಿ ರಾಶಿಯಾಗಿ ಬರುವ ಕಾಲದಲ್ಲಿ ಒಡೆಯಬೇಕು. ಒಡೆಯದಿದ್ದರೆ ಅವನು ಕೂಗುವವನೇ ಅಲ್ಲ. ಅವನಪ್ಪನಿಗೂ ಒಡೆಯುತ್ತಿತ್ತು. ಒಂದಷ್ಟು ದಿನ ತುಟಿ ಹೊಲಿದುಕೊಂಡು ಮೌನವಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಈ ಸಲವೂ ಒಡೆಯಿತು. ಮಾಲಿನ ಭರಾಟೆ ಮುಗಿಯಿತು, ದನಿ ಮಾತ್ರ ಮರಳಲಿಲ್ಲ. ತುತ್ತನ್ನು ನೀರಿನಲ್ಲಿ ನೆನೆಸಿ, ಕಣ್ಣು ಮುಚ್ಚಿ ನುಂಗತೊಡಗಿದ. ಎಡಗಿವಿಯ ಹಿಂದೆ ಆಗಾಗ ಅಂಗೈ ಒತ್ತಿ ಹಿಡಿಯುತ್ತಿದ್ದ. ಒಂದು ದಿನ ಒಗೆಯಲು ಹಾಕಿದ ಕರವಸ್ತ್ರದಲ್ಲಿ ಕೆಂಪು ಎಳೆಯೊಂದು ಕಂಡಿತು.

"ಡಾಕ್ಟರಿಗೆ ತೋರಿಸ್ರೀ" ಎಂದರೆ, "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕೂಗಿ ಕೂಗಿ ಹರಿದಿದೆ, ಅಷ್ಟೆ" ಎಂದು ಗೊಗ್ಗರು ದನಿಯಲ್ಲಿ ಬಾಯಿ ಮುಚ್ಚಿಸಿದ. ಕೊನೆಗೊಂದು ದಿನ ಮಂಡಿಯ ಯಜಮಾನ ಅವನನ್ನು ಪಕ್ಕಕ್ಕೆ ನಿಲ್ಲಿಸಿ ಬೇರೆಯವನಿಂದ ಕೂಗಿಸಿದ. ಆ ಸಂಜೆ ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡು, "ನಡಿ, ಅದ್ಯಾವ ಡಾಕ್ಟರು ತೋರಿಸು" ಎಂದ.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಸಾವಧಾನದ ಹೆಂಗಸು.

"ದನಿ ಹೀಗಾಗಿ ಎಷ್ಟು ಕಾಲ ಆಯ್ತು?"

"ಮೊನ್ನೆ ಮೊನ್ನೆಯಿಂದ."

"ನುಂಗೋಕೆ ಕಷ್ಟ ಆಗುತ್ತಾ?"

"ಇಲ್ಲ."

"ಕಿವಿನೋವು? ಕೆಮ್ಮಿದಾಗ ರಕ್ತ?"

"ಛೆ ಛೆ."

"ಸಿಗರೇಟು?"

"ಯಾರಾದ್ರೂ ತೀರಾ ಬಲವಂತ ಮಾಡಿದ್ರೆ ಒಂದು."

ಪಕ್ಕದ ಸ್ಟೂಲಿನಲ್ಲಿ ಕುಳಿತವಳಿಗೆ ಮೈ ಉರಿಯಿತು. ಇಷ್ಟು ವರ್ಷ ಕಂಡ ಅದೇ ಕಸುಬು: ಮೇಲಿನ ಸಾಲು ಜೋಡಿಸುತ್ತಿದ್ದಾನೆ! ಅವಳು ಅಲ್ಲೇ ಕ್ರೇಟು ಮಗುಚಿದಳು. "ಡಾಕ್ಟ್ರೇ, ಇವರು ಹೇಳಿದ್ದೆಲ್ಲ ಸುಳ್ಳು. ತಿಂಗಳುಗಟ್ಟಲೆ ಆಯ್ತು. ನೀರಿಲ್ದೆ ತುತ್ತು ಇಳಿಯಲ್ಲ. ಕಿವಿ ನೋಯುತ್ತೆ. ರಕ್ತ ನಾನೇ ಕಣ್ಣಾರೆ ನೋಡಿದೀನಿ. ಸಿಗರೇಟು ದಿನಕ್ಕೊಂದು ಪ್ಯಾಕು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಡಾಕ್ಟರಮ್ಮ ಎದ್ದು ಬಂದು ಅವನ ಕತ್ತನ್ನು ಎರಡೂ ಕೈಯಲ್ಲಿ ಸವರಿ ನೋಡಿದರು. ಎಡದವಡೆಯ ಕೆಳಗೆ ಬೆರಳು ನಿಂತಿತು. ಮುಂದೆ ಹೋಗಿ, ಮತ್ತೆ ಅಲ್ಲಿಗೇ ಬಂತು.

"ದೊಡ್ಡಾಸ್ಪತ್ರೆಯ ಗಂಟಲಿನ ತಜ್ಞರ ಹತ್ರ ನಿಮ್ಮನ್ನ ತುರ್ತಾಗಿ ಕಳಿಸ್ತೀನಿ. ಕ್ಯಾನ್ಸರ್ ಏನಾದ್ರೂ ಇದೆಯಾ ಅಂತ ನೋಡೋದಕ್ಕೆ. ಮುಚ್ಚುಮರೆ ಬೇಡ ಅಂತ ಆ ಮಾತನ್ನೇ ಹೇಳ್ತಿದೀನಿ. ಆದ್ರೆ ಕೇಳಿಸ್ಕೊಳ್ಳಿ, ತುರ್ತು ಅಂದ ಮಾತ್ರಕ್ಕೆ ಇದೆ ಅಂತಲ್ಲ. ಹೀಗೆ ಹೋದವರಲ್ಲಿ ಹೆಚ್ಚಿನವರಿಗೆ ಬೇರೆ ಏನೋ ಇರುತ್ತೆ, ವಾಪಸ್ ಬರ್ತಾರೆ. ಇದ್ರೆ ಬೇಗ ಗೊತ್ತಾಗ್ಲಿ ಅಂತ ಈ ಅವಸರ. ಆಸ್ಪತ್ರೆಯವರು ಫೋನ್ ಮಾಡಿ ದಿನ ಹೇಳ್ತಾರೆ. ಮಾಡದೆ ಇದ್ರೆ ಸುಮ್ನೆ ಕಾಯಬೇಡಿ, ನನಗೆ ಹೇಳಿ. ಮಧ್ಯೆ ವಾಸಿಯಾದ ಹಾಗೆ ಅನ್ನಿಸಿದ್ರೂ ತಪ್ಪಿಸಬೇಡಿ."

ದಾರಿಯಲ್ಲಿ ಅವನು ದೀಪದ ಕಂಬವೊಂದರ ಕೆಳಗೆ ನಿಂತ.

"ನಾನು ಯಾವಾಗ 'ಬೇಗ ಬೇಗ' ಅಂತ ಕೂಗ್ತೀನಿ ಹೇಳು."

ಅವಳಿಗೆ ಗೊತ್ತಿತ್ತು. ಸಂಜೆಯವರೆಗೂ ತಡೆಯದ ಮಾಲಿಗೆ.

"ಅವರು ಹಂಗೆ ಹೇಳಲಿಲ್ವಲ್ರೀ. ಹೆಚ್ಚಿನವರಿಗೆ ಇರಲ್ಲ ಅಂದ್ರು."

"ಕೊಳೆತಿದ್ದಕ್ಕೇ ಅವಸರ ಕಣೇ. ಗಟ್ಟಿ ಇರೋದನ್ನ ಯಾರೂ ತುರ್ತಾಗಿ ಮಾರಲ್ಲ."

ಅಂದಿನಿಂದ ಅವನು ಮೌನ ಹಿಡಿದ. ಆಸ್ಪತ್ರೆಯಿಂದ ಫೋನು ಬಂದಾಗಲೂ ಹೂಂ ಎಂದಷ್ಟೇ ಹೇಳಿ, ದಿನವನ್ನು ಬೆರಳಿನಲ್ಲಿ ತೋರಿಸಿದ. ಅವಳು ಆ ದಿನಕ್ಕೆ ರಜೆ ಕೇಳಿಟ್ಟಳು. ನೀರು ಬೇಕೆಂದರೆ ಲೋಟ ಕುಟ್ಟುತ್ತಿದ್ದ, ಬೇಡವೆಂದರೆ ಲೋಟ ಮಗುಚುತ್ತಿದ್ದ. "ಅಪ್ಪ ಸೈಲೆಂಟ್ ಮೋಡಲ್ಲಿದಾರೆ, ಬರೀ ವೈಬ್ರೇಟ್ ಆಗ್ತಾರೆ" ಎಂದು ಮಗಳು ಅಣಕಿಸಿದರೆ ಕಣ್ಣಲ್ಲೇ ನಗುತ್ತಿದ್ದ. ತಜ್ಞರ ಮುಂದೆ ಹೋಗುವುದಕ್ಕೆ ಗಂಟಲು ಹದ ಮಾಡಿಕೊಳ್ಳುತ್ತಿದ್ದಾನೆ, ಪಾಪ, ಎಂದುಕೊಂಡಳು ಹೆಂಡತಿ.

ಹೋಗಬೇಕಾದ ದಿನಕ್ಕೆ ಒಂದು ದಿನ ಉಳಿದಿತ್ತು. ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನ ಮೆಟ್ಟಿಲ ಕಡೆಯಿಂದ ದನಿಯೊಂದು ಏರಿ ಬಂತು. ತುಂಬಿದ, ದುಂಡನೆಯ, ಕಂಚಿನಂಥ ದನಿ. ಒದ್ದೆ ಸೀರೆ ಕೈಯಲ್ಲೇ ನಿಂತಿತು. ಬಂತು! ಬಂದೇಬಿಟ್ಟಿತು! ಓಡಿಹೋಗಿ ಕಟಕಟೆಗೆ ಬಗ್ಗಿದಳು. ಆಗ ಮಾತು ಕೇಳಿಸಿತು.

"ನೀವೇ ಕೇಳಿ ಮೇಡಂ, ಇದು ಕಾಯಿಲೆಯವನ ದನಿಯಾ? ಪೂರ್ತಿ ವಾಸಿ. ನನ್ನ ಜಾಗ ಬೇರೆ ಯಾರಿಗಾದ್ರೂ ಕೊಟ್ಬಿಡಿ. ನಿಜವಾಗ್ಲೂ ಬೇಕಾದವರು ಎಷ್ಟು ಜನ ಕಾಯ್ತಿರ್ತಾರೋ ಏನೋ."

ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವನು ಫೋನನ್ನು ಜೇಬಿಗಿಟ್ಟು ಗೋಡೆಗೊರಗಿ ಕೆಮ್ಮುತ್ತಿದ್ದ.

"ಇಷ್ಟು ದಿನ ನನ್ನ ಹತ್ರ ಒಂದು ಮಾತಿಲ್ಲ, ಹೆತ್ತ ಮಗಳ ಹತ್ರ ಒಂದು ಮಾತಿಲ್ಲ. ಉಳಿಸಿ ಉಳಿಸಿ ಇಟ್ಟ ದನೀನೆಲ್ಲ ತಗೊಂಡ್ಹೋಗಿ ಯಾವಳೋ ಫೋನಿನವಳಿಗೆ ಸುರಿದ್ರಾ?"

ಅವನು ಉತ್ತರಿಸಲು ಬಾಯಿ ತೆರೆದ. ಕಂಚು ಆಗಲೇ ಮುಗಿದಿತ್ತು, ಉಸಿರಷ್ಟೇ ಸುಯ್ಯೆಂದಿತು. "ಹೋದ್ರೆ ಹೇಳ್ತಾರೆ ಕಣೇ. ಹೋಗದೆ ಇದ್ರೆ ಯಾರೂ ಹೇಳಲ್ಲ."

"ಹೇಳದೆ ಇದ್ರೆ ಇರೋದು ಇಲ್ಲ ಅಂತಾಗುತ್ತಾ? ಮಗುಚದೆ ಬಿಟ್ಟ ಕ್ರೇಟು ಏನಾಗುತ್ತೆ ಅಂತ ನನ್ನ ಕೇಳಿ. ನೀವು ಕೂಗಿ ಕೈತೊಳ್ಕೊಂಡು ಬರ್ತೀರಿ, ಕೈ ಹಾಕೋಳು ನಾನು!"

ಅವನು ಕಣ್ಣು ತಪ್ಪಿಸಿ ಒಳಗೆ ಹೋದ.

ಅವಳು ಆಸ್ಪತ್ರೆಗೆ ಫೋನು ಹಚ್ಚಿದಳು. ಆ ಜಾಗ ಆಗಲೇ ಇನ್ನೊಬ್ಬರಿಗೆ ಹೋಗಿತ್ತು. ಕ್ಲಿನಿಕ್ಕಿನಿಂದಲೇ ಮತ್ತೆ ಕಳಿಸಬೇಕಂತೆ. ಡಾಕ್ಟರಮ್ಮ ಬೈಯಲಿಲ್ಲ. "ಹೆದರಿದಾರೆ ಅಷ್ಟೆ. ಮತ್ತೆ ಕಳಿಸ್ತೀನಿ. ಈ ಸಲ ನಿಮ್ಮ ನಂಬರ್ ಕೊಡ್ತೀನಿ. ಆದ್ರೆ ಅಮ್ಮ, ಅವರೇ ಒಪ್ಪಿ ಬರಬೇಕು, ಎಳ್ಕೊಂಡು ಬರೋಕಾಗಲ್ಲ" ಎಂದರು.

ಒಪ್ಪಿಸಿದ್ದು ಹೆಂಡತಿಯಲ್ಲ, ಮಾರುಕಟ್ಟೆ. ಮರುದಿನ ಬೆಳಗ್ಗೆ ಹಟ ಹಿಡಿದು ಹರಾಜಿನ ಹಲಗೆ ಹತ್ತಿದವನು ಈರುಳ್ಳಿ ಮೂಟೆಗಳ ಮೊದಲ ಸವಾಲನ್ನು ಅರ್ಧಕ್ಕೆ ಕೂಗಿದ. ಉಳಿದರ್ಧ ಬಾಯಿಂದ ಹೊರಡಲೇ ಇಲ್ಲ. "ಗಂಟೆಯ ನಾಲಗೆ ಬಿದ್ಹೋಯ್ತಲ್ರಪ್ಪೋ!" ಎಂದು ಯಾರೋ ಅಂದರು, ನಗೆ ಎದ್ದಿತು. ಅವನಿಗೆ ಕೆಮ್ಮು ಬಂತು. ಬಾಯಿಗೊತ್ತಿದ ಕರವಸ್ತ್ರ ತೆಗೆದಾಗ ನಗೆ ತಟ್ಟನೆ ನಿಂತಿತು. ಅವನು ಹಲಗೆಯಿಳಿದು, ಜನರ ನಡುವೆ ಹಾದು, ಹಿಂಬದಿಯ ಗೋದಾಮಿಗೆ ಬಂದು ಅವಳೆದುರು ಬೋರಲು ಹಾಕಿದ ಕ್ರೇಟಿನ ಮೇಲೆ ಕುಳಿತ. ಯಾವತ್ತು ಎಂದು ಕೈಯಲ್ಲೇ ಕೇಳಿದ.

ತಜ್ಞರು ವಯಸ್ಸಿನಲ್ಲಿ ಚಿಕ್ಕವರು. ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನೊಳಗೆ ತೆಳುವಾದ ಕೊಳವೆ ಇಳಿಸಿದರು. ತುದಿಯ ಕ್ಯಾಮೆರಾ ಕಂಡದ್ದೆಲ್ಲ ಪಕ್ಕದ ಪರದೆಯಲ್ಲಿ ಮೂಡಿತು. ಅವನ ಕಣ್ಣಿಂದ ನೀರು ಸುರಿಯಿತು.

"ಈ... ಅನ್ನಿ. ಉದ್ದಕ್ಕೆ."

ಅವನು ಅಂದ. ಪರದೆಯ ಮೇಲೆ ದನಿ ಹೊರಡಿಸುವ ಎರಡು ಬೆಳ್ಳನೆಯ ಪಟ್ಟಿಗಳಲ್ಲಿ ಒಂದು ಅಲುಗಿತು. ಇನ್ನೊಂದು, ಮೇಲೆಲ್ಲ ಒರಟಾಗಿ ಉಬ್ಬಿದ್ದು, ಇದ್ದಲ್ಲೇ ಇತ್ತು. ಅವಳು ಪರದೆ ಬಿಟ್ಟು ತಜ್ಞರ ಮುಖ ನೋಡಿದಳು. ಅಲ್ಲಿ ಮೇಲಿನ ಸಾಲು ಎಂಬುದೇ ಇರಲಿಲ್ಲ.

"ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಸ್ಕ್ಯಾನ್ ಆಗಬೇಕು" ಎಂದರು ಕೊಳವೆ ಹೊರಗೆಳೆದು. "ಅದು ಬರೋವರೆಗೆ ಖಚಿತ ಅನ್ನೋಕಾಗಲ್ಲ. ಆದ್ರೆ ನನಗೆ ಇದು ಕ್ಯಾನ್ಸರ್ ಅಂತಲೇ ಕಾಣ್ತಿದೆ. ಕತ್ತಿನ ಗಂಟಿಗೂ ಹರಡಿರೋ ಹಾಗಿದೆ."

"ಮೊದಲ್ನೇ ಸಲ ಕರೆದಾಗಲೇ ಬಂದಿದ್ರೆ?" ಅವಳೇ ಕೇಳಿದಳು.

"ಈ ಒಂದೆರಡು ವಾರದಿಂದ ಅಂಥ ವ್ಯತ್ಯಾಸ ಆಗಿರಲ್ಲ. ಅದಕ್ಕೂ ಮುಂಚೆ, ದನಿ ಒಡೆದ ಹೊಸದರಲ್ಲೇ ಬಂದಿದ್ರೆ..." ತಜ್ಞರು ಮಾತನ್ನು ಅಲ್ಲಿಗೇ ಬಿಟ್ಟರು.

ಅವನು ಕಣ್ಣೊರೆಸಿಕೊಂಡ. "ಕೂಗೋದು?"

"ದನಿಪೆಟ್ಟಿಗೇನೇ ತೆಗೀಬೇಕಾಗಬಹುದು. ಮೊದಲು ಜೀವ ಉಳಿಸ್ಕೊಳ್ಳೋಣ. ಅದಕ್ಕೂ ನಾನು ಈಗಲೇ ಮಾತು ಕೊಡೋಕಾಗಲ್ಲ."

ಸ್ಕ್ಯಾನ್ ಕೋಣೆಯ ಹೊರಗಿನ ಉದ್ದನೆಯ ಪಡಸಾಲೆಯಲ್ಲಿ ಇಬ್ಬರೂ ಕಾಯುತ್ತ ಕುಳಿತರು. ಪ್ಲಾಸ್ಟಿಕ್ ಕುರ್ಚಿಗಳ ತುಂಬ ಜನ, ಯಾರದೋ ಮಗುವಿನ ಅಳು, ಗಾಲಿಕುರ್ಚಿಗಳ ಕಿರಕಿರ. ಅವನು ಅಂಗೈ ನೋಡಿಕೊಂಡು ಕುಳಿತಿದ್ದ. ಅವಳು ಮಗಳಿಗೆ ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ತುಟಿಯೊಳಗೇ ತಿರುವಿ ಹಾಕುತ್ತಿದ್ದಳು.

ಬಾಗಿಲಿಗೆ ಬಂದ ನರ್ಸ್ ಚೀಟಿ ನೋಡಿ ಕರೆದಳು. "ಮೂವತ್ತೊಂದು." ಇಲಿಯ ದನಿ. ಯಾರೂ ಏಳಲಿಲ್ಲ. ದೂರದ ಮೂಲೆಯಲ್ಲಿ ಒಂಟಿ ಮುದುಕನೊಬ್ಬ ತೂಕಡಿಸುತ್ತಿದ್ದ. ಅವನ ಬೆರಳ ಸಂದಿಯ ಚೀಟಿಯಲ್ಲಿ ಅದೇ ಅಂಕಿ ದಪ್ಪಗೆ ಕಾಣುತ್ತಿತ್ತು. "ಮೂವತ್ತೊಂದು ಇಲ್ವಾ? ಹಂಗಾದ್ರೆ ಮುಂದಿನವರು" ಎಂದಳು ನರ್ಸ್.

ಗಂಟೆ ಎದ್ದು ನಿಂತ. ಹಲಗೆಯ ಮೇಲೆ ನಿಲ್ಲುವಂತೆಯೇ ಕಾಲು ಅಗಲಿಸಿದ, ಒಂದು ಕೈ ಕಿವಿಗಿಟ್ಟ, ಎದೆ ತುಂಬ ಉಸಿರೆಳೆದುಕೊಂಡ, ಬಾಯಿ ತೆರೆದ. ಚಕ್ರದಿಂದ ಗಾಳಿ ಹೋದಷ್ಟು ಸದ್ದು. ಎದುರು ಕುರ್ಚಿಯ ಹೆಂಗಸು ಕೂಡ ತಿರುಗಿ ನೋಡಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು.

ಅವಳು ಜನ್ಮದಲ್ಲಿ ನಾಲ್ಕು ಜನರೆದುರು ದನಿ ಎತ್ತಿದವಳಲ್ಲ. ಎದ್ದು ಅವನ ಪಕ್ಕ ನಿಂತಳು.

"ಮೂವತ್ತೊಂದು!"

ದನಿ ನಡುವೆಯೇ ಬಿರಿಯಿತು. ಒಂದಿಬ್ಬರು ತಿರುಗಿದರು, ಮುದುಕನಿಗೆ ಮಾತ್ರ ಮುಟ್ಟಲಿಲ್ಲ. ಗಂಟೆ ಅವಳನ್ನು ನೋಡಿದ. ಗಲ್ಲವೆತ್ತಿ, ಒಂದು ಬೆರಳನ್ನು ಮೇಲಕ್ಕೆ ತೋರಿಸಿದ. ಮಾರುಕಟ್ಟೆಯಲ್ಲಿ ಆ ಬೆರಳಿಗೆ ಒಂದೇ ಅರ್ಥ: ಸಾಲದು, ಇನ್ನೂ ಏರಿಸು.

ಅವಳು ಹೊಟ್ಟೆಯಾಳದಿಂದ ಉಸಿರು ತುಂಬಿಕೊಂಡು ಇನ್ನೊಮ್ಮೆ ಕೂಗಿದಳು. ಮೂಲೆಯ ಮುದುಕ ಬೆಚ್ಚಿ ತಲೆಯೆತ್ತಿದ. ಗಂಟೆಯ ಬೆರಳು ಇನ್ನೂ ಇಳಿದಿರಲಿಲ್ಲ.